ಕಷ್ಟದ ವರ್ಷ ಮುಗಿಯುವಾಗ ದೇವರಲ್ಲಿ ಸಂತೋಷ ಪಡುವುದು ಹೇಗೆ?

ಪ್ರಶ್ನೆ: ಅಯ್ಯನವರೇ, ನಾನು ತುಮಕೂರು ಜಿಲ್ಲೆಯವಳು. ನಮ್ಮ ಸಭೆಯಲ್ಲಿ ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಒಬ್ಬೊಬ್ಬರೂ ಬೈಬಲಿನ ಒಂದು ವಚನ ಇರುವ ಒಂದೊಂದು ವಾಗ್ದಾನದ ಕಾರ್ಡ್ ತೆಗೆದುಕೊಳ್ಳುತ್ತೇವೆ. ಹೋದ ವರ್ಷ ನನಗೆ ಬಂದದ್ದು ಯೆರೆಮೀಯ 29:11. ದೇವರು ನಮಗೆ ಹಿತವನ್ನೇ ಯೋಚಿಸುತ್ತಾನೆ, ಕೇಡನ್ನಲ್ಲ ಎಂಬ ಮಾತು. ತುಂಬಾ ಖುಷಿಯಾಗಿ ದೇವರ ಪಟದ ಪಕ್ಕ ಅಂಟಿಸಿದ್ದೆ. ಮಾರ್ಚ್‌ನಲ್ಲಿ ನಮ್ಮ ಯಜಮಾನರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಇನ್ನೂ ಸರಿಯಾಗಿಲ್ಲ. ಅವರ ಆಟೋ ಮಾರಿದೆವು. ಸಂಘದ ಸಾಲದ ಕಂತು ಕಟ್ಟಲು ಆಗುತ್ತಿಲ್ಲ. ಮಗಳು ಪಿಯುಸಿ ಓದುತ್ತಿದ್ದಾಳೆ. ಕೂಟದಲ್ಲಿ ಒಬ್ಬ ಅಕ್ಕ, "ನಿನ್ನ ವಿಶ್ವಾಸ ಸಾಲದು, ಮನೆಯಲ್ಲಿ ಎಲ್ಲೋ ಪಾಪ ಇದೆ" ಅಂದರು. ಈ ಸಲ 31ರ ರಾತ್ರಿ ಹೋಗಲು ನನಗೆ ಮನಸ್ಸಿಲ್ಲ. ಎಲ್ಲರೂ ಎದ್ದು ಸಾಕ್ಷಿ ಹೇಳುವಾಗ ನಾನೇನು ಹೇಳಲಿ? ಸಂತೋಷವೇ ಇಲ್ಲದೆ ಸ್ತೋತ್ರ ಹೇಳಿದರೆ ಅದು ಸುಳ್ಳಲ್ಲವೇ? ದೇವರನ್ನು ಇನ್ನು ಹೇಗೆ ನಂಬುವುದು?

ಉತ್ತರ: ಸಹೋದರಿ, ಮೊದಲು ಆ ಅಕ್ಕನ ಮಾತನ್ನು ಪಕ್ಕಕ್ಕೆ ಇಡೋಣ. ಅದು ನಿಮ್ಮ ಎದೆಯ ಮೇಲೆ ಕೂತಿರುವಾಗ ಬೇರೇನು ಹೇಳಿದರೂ ಒಳಗೆ ಇಳಿಯುವುದಿಲ್ಲ.

ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು ಯೇಸುವನ್ನು ಇದೇ ಪ್ರಶ್ನೆ ಕೇಳಿದರು. ಇವನು ಹೀಗೆ ಹುಟ್ಟಲು ಯಾರ ಪಾಪ ಕಾರಣ, ಇವನದ್ದೋ ಇವನ ತಂದೆತಾಯಿಯದ್ದೋ ಎಂದು. ಇಬ್ಬರದ್ದೂ ಅಲ್ಲ ಎಂದು ಯೇಸು ಹೇಳಿದ. ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ, ಓದಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಕಥೆಯೂ ನಿಮಗೆ ಗೊತ್ತು. ಅವನ ಸ್ನೇಹಿತರು ಮೊದಲು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು. ನಿನ್ನಲ್ಲಿ ಪಾಪ ಇದೆ, ಒಪ್ಪಿಕೋ ಎಂದು ಪುಟಗಟ್ಟಲೆ ಹೇಳಿದರು. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ತಿರುಗಿದ್ದು ಆ ಸ್ನೇಹಿತರ ಮೇಲೆ. ದೇವರ ಜೊತೆ ಜಗಳ ಆಡಿದ ಯೋಬನೇ ಸರಿಯಾಗಿ ಮಾತಾಡಿದ ಎಂದು ದೇವರು ಹೇಳಿದ. ನಿಮ್ಮ ಯಜಮಾನರ ಮೆದುಳಿನಲ್ಲಿ ರಕ್ತ ಹರಿಯುವುದು ನಿಂತಿತು ಅಥವಾ ಒಂದು ನಾಳ ಒಡೆಯಿತು. ಬಿಪಿ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವೆಲ್ಲ ಅದಕ್ಕೆ ದಾರಿ ಮಾಡುತ್ತವೆ. ನಿಮ್ಮ ವಿಶ್ವಾಸ ಎಷ್ಟಿತ್ತು ಎಂದು ಅಳೆದು ಆ ಕಾಯಿಲೆ ಬರಲಿಲ್ಲ.

ಈಗ ಆ ಕಾರ್ಡಿನ ವಿಷಯ. ನಿಮ್ಮ ಪ್ರಶ್ನೆಯ ಬೇರು ಅಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಚೀಟಿ ಎತ್ತಿ ವಚನ ಆರಿಸುವುದು ಹಳೆಯ ಪದ್ಧತಿ. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನವನ್ನು ಹಾಗೆ ಆರಿಸಿ 1731ರಿಂದ ಪ್ರತಿ ವರ್ಷ ಪುಸ್ತಕವಾಗಿ ಅಚ್ಚು ಹಾಕುತ್ತಿದ್ದಾರೆ. ಪದ್ಧತಿಯಲ್ಲಿ ತಪ್ಪಿಲ್ಲ. ಆದರೆ ಒಂದು ವಾಕ್ಯವನ್ನು ಅದರ ಪುಟದಿಂದ ಕತ್ತರಿಸಿ, ಬಣ್ಣದ ಕಾಗದದ ಮೇಲೆ ಹೂವಿನ ಚಿತ್ರದ ಜೊತೆ ಅಚ್ಚು ಹಾಕಿ, ಜನವರಿ 1ಕ್ಕೆ ಕೈಗೆ ಕೊಟ್ಟಾಗ ನಾವು ಅದನ್ನು ವರ್ಷಭವಿಷ್ಯದ ಹಾಗೆ ಓದಿಬಿಡುತ್ತೇವೆ. ಈ ವರ್ಷ ನನಗೆ ಒಳ್ಳೆಯದಾಗುತ್ತದೆ, ದೇವರೇ ಬರೆದುಕೊಟ್ಟಿದ್ದಾನೆ ಅಂತ. ಹೀಗೆ ಓದಬೇಡಿ ಎಂದು ಹೇಳಿಕೊಡಬೇಕಾದವರು ನಾವು, ಸಭಾಪಾಲಕರು. ನಮ್ಮಲ್ಲಿ ಜಾಸ್ತಿ ಜನ ಅದನ್ನು ಹೇಳುವುದಿಲ್ಲ.

ಆ ವಾಕ್ಯ ಮೊದಲು ಯಾರ ಕೈಗೆ ಸಿಕ್ಕಿತು ನೋಡಿ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿದ. ಅಲ್ಲಿನ ರಾಜನನ್ನು, ರಾಜಮಾತೆಯನ್ನು, ಅಧಿಕಾರಿಗಳನ್ನು, ಕಮ್ಮಾರರು ಬಡಗಿಗಳಂಥ ಕೈಕೆಲಸದವರನ್ನು ಹಿಡಿದು ತನ್ನ ದೇಶಕ್ಕೆ ಸಾಗಿಸಿದ. ಮನೆ, ಹೊಲ, ದೇವಾಲಯ ಎಲ್ಲ ಬಿಟ್ಟು ಹೋದವರು ಅವರು. ಆಗ ಹನನ್ಯ ಎಂಬ ಪ್ರವಾದಿ ಎದ್ದು, ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಎಂದ. ಜನಕ್ಕೆ ಎಷ್ಟು ಹಿತವಾಗಿರಬೇಕು! ಪ್ರವಾದಿ ಯೆರೆಮೀಯ ಕೂಡ ಮೊದಲು, "ಆಮೆನ್, ಯೆಹೋವನು ಹಾಗೆಯೇ ಮಾಡಲಿ" ಎಂದ. ಅವನಿಗೂ ಅದೇ ಆಸೆ ಇತ್ತು. ಆದರೆ ದೇವರು ಹಾಗೆ ಹೇಳಿರಲಿಲ್ಲ. ಆಮೇಲೆ ಯೆರೆಮೀಯ ಆ ಸೆರೆಯವರಿಗೆ ಒಂದು ಪತ್ರ ಬರೆದು ಕಳಿಸಿದ. ಅದೇ 29ನೇ ಅಧ್ಯಾಯ.

ನಿಮ್ಮ ಕಾರ್ಡಿನಲ್ಲಿ 11ನೇ ವಚನ ಇತ್ತಲ್ಲ. ಅದರ ಹಿಂದಿನ ವಚನದಲ್ಲಿ ಏನಿದೆ ಗೊತ್ತಾ? ಬಾಬೆಲಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ಕರೆತರುತ್ತೇನೆ ಎಂದು. 70 ವರ್ಷ ಅಂದರೆ ಆ ಪತ್ರ ಕೇಳಿದವರಲ್ಲಿ ಹೆಚ್ಚಿನವರು ತಮ್ಮ ಊರನ್ನು ಮತ್ತೆ ನೋಡಲೇ ಇಲ್ಲ. ಅಂಥವರಿಗೆ ದೇವರು, ನಾನು ನಿಮ್ಮ ಹಿತವನ್ನೇ ಯೋಚಿಸುತ್ತಿದ್ದೇನೆ ಎಂದ. ಈಗ 5ರಿಂದ 7ನೇ ವಚನದವರೆಗೆ ಓದಿ. ಮನೆ ಕಟ್ಟಿ ವಾಸ ಮಾಡಿ, ತೋಟ ಹಾಕಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದಿದೆ. ಕಷ್ಟ ಮುಗಿದ ಮೇಲೆ ಬದುಕಿ ಎಂದು ಎಲ್ಲೂ ಇಲ್ಲ. ಈ ಊರಲ್ಲೇ, ಈ ಸೆರೆಯಲ್ಲೇ ಬದುಕಿ, ನಾನು ಇಲ್ಲೂ ಇದ್ದೇನೆ ಎಂದಿದೆ.

ಇದನ್ನು ಓದಿ ನಿಮಗೆ ನಿರಾಸೆ ಆಗಬಹುದು. ಆದರೆ ಒಂದು ಯೋಚನೆ ಮಾಡಿ. ಆ ವಾಕ್ಯ ಒಳ್ಳೆಯ ವರ್ಷದ ಭರವಸೆ ಆಗಿದ್ದರೆ, ಮಾರ್ಚ್‌ನಲ್ಲೇ ಅದು ಸುಳ್ಳಾಗಿಹೋಯಿತು. ಮನೆ ಕಳೆದುಕೊಂಡವರಿಗೆ ಬರೆದ ಮಾತು ಅದು ಅಂತಾದರೆ, ಅದು ನಿಮ್ಮ ಮನೆಗೆ ತಲುಪಬೇಕಾದದ್ದೇ ಸ್ಟ್ರೋಕ್ ಆದ ಆ ದಿನ. ಕಾರ್ಡ್ ಕಿತ್ತು ಬಿಸಾಡಬೇಡಿ. ಅದರ ಹಿಂದೆ 5, 6, 7, 10 ಎಂದು ವಚನಗಳ ಸಂಖ್ಯೆ ಬರೆದು ಅಲ್ಲೇ ಇಡಿ.

ಇನ್ನು ಸಂತೋಷ. ಸಂತೋಷವಿಲ್ಲದೆ ಸ್ತೋತ್ರ ಹೇಳಿದರೆ ಸುಳ್ಳಲ್ಲವೇ ಎಂದು ಕೇಳಿದ್ದೀರಿ. ಬಹಳ ಪ್ರಾಮಾಣಿಕವಾದ ಪ್ರಶ್ನೆ. ಇದಕ್ಕೆ ನಾನು ಯಾವಾಗಲೂ ಬೈಬಲಿನ ಪ್ರವಾದಿ ಹಬಕ್ಕೂಕನ ಹತ್ತಿರ ಹೋಗುತ್ತೇನೆ.

ಹಬಕ್ಕೂಕನದ್ದು ಮೂರೇ ಅಧ್ಯಾಯದ ಪುಸ್ತಕ. ಹದಿನೈದು ನಿಮಿಷದಲ್ಲಿ ಓದಿ ಮುಗಿಸಬಹುದು. ಶುರುವಾಗುವುದೇ ದೂರಿನಿಂದ. ಎಷ್ಟು ಕಾಲ ಕೂಗಲಿ ದೇವರೇ, ನೀನು ಕೇಳಿಸಿಕೊಳ್ಳುವುದೇ ಇಲ್ಲವಲ್ಲ ಎಂದು. ದೇವರು ಉತ್ತರ ಕೊಟ್ಟ. ಆ ಉತ್ತರ ಇನ್ನೂ ಭಯಂಕರ: ಬಾಬೆಲಿನ ಸೈನ್ಯ ಬರುತ್ತಿದೆ. ಹಬಕ್ಕೂಕ ಮತ್ತೆ ಜಗಳ ತೆಗೆದ. ಆಮೇಲೆ, ನನ್ನ ಕಾವಲುಗೋಪುರದಲ್ಲಿ ನಿಂತು ದೇವರು ಏನು ಹೇಳುತ್ತಾನೆ ನೋಡುತ್ತೇನೆ ಎಂದು ಕಾದ. ಕೊನೆಯಲ್ಲಿ ಬರುತ್ತದೆ ಎಲ್ಲರಿಗೂ ಬಾಯಿಪಾಠ ಇರುವ ಆ ಭಾಗ. ಅಂಜೂರ ಚಿಗುರಲಿಲ್ಲ, ದ್ರಾಕ್ಷಿ ಬಿಡಲಿಲ್ಲ, ಎಣ್ಣೆಮರ ಫಲ ಕೊಡಲಿಲ್ಲ, ಹೊಲದಲ್ಲಿ ಬೆಳೆಯಿಲ್ಲ, ದೊಡ್ಡಿಯಲ್ಲಿ ಕುರಿಯಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ. ಹೀಗಾದರೂ ನಾನು ಯೆಹೋವನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಹೊಸ ವರ್ಷದ ಪ್ರಸಂಗಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿರುತ್ತೀರಿ.

ಪ್ರಸಂಗಗಳಲ್ಲಿ ಬಿಟ್ಟುಹೋಗುವುದು ಅದರ ಹಿಂದಿನ ವಚನ, 3:16. ಅಲ್ಲಿ ಹಬಕ್ಕೂಕ ತನ್ನ ಮೈಯ ಸ್ಥಿತಿ ಹೇಳುತ್ತಾನೆ. ಹೊಟ್ಟೆಯಲ್ಲಿ ನಡುಕ, ತುಟಿ ಅದುರುತ್ತಿದೆ, ಎಲುಬು ಕೊಳೆತ ಹಾಗೆ ಆಗಿದೆ, ನಿಂತಲ್ಲೇ ಕಾಲು ನಡುಗುತ್ತಿದೆ. ಈ ನಡುಕ ನಿಂತ ಮೇಲೆ ಅವನು ಸಂತೋಷಪಟ್ಟನೇ? ಹಾಗೆ ಎಲ್ಲೂ ಬರೆದಿಲ್ಲ. ನಡುಗುವ ಕಾಲಿನ ಮೇಲೆ ನಿಂತೇ ಆ ಮಾತು ಹೇಳಿದ. ಇನ್ನೊಂದು ನೋಡಿ. ಬೆಳೆ ಬರುತ್ತದೆ, ಕುರಿ ವಾಪಸ್ ಸಿಗುತ್ತದೆ ಎಂದು ಅವನು ಹೇಳುವುದೇ ಇಲ್ಲ. ಇಲ್ಲದ್ದನ್ನು ಒಂದೊಂದಾಗಿ ಎಣಿಸುತ್ತಾನೆ. ಆರು ನಷ್ಟ, ಆರನ್ನೂ ಹೆಸರು ಹಿಡಿದು ಹೇಳುತ್ತಾನೆ. ಎಣ್ಣೆ, ಧಾನ್ಯ, ಹಾಲು, ಮಾಂಸ, ಉಣ್ಣೆ, ಅಂದರೆ ಆ ಕಾಲದ ಒಂದು ಮನೆಯ ಪೂರ್ತಿ ಆದಾಯ.

ಆದ್ದರಿಂದ ನಿಮಗೆ ನಾನು ಹೇಳುವುದು ಇಷ್ಟೇ. ಸಂತೋಷ ಬಂದ ಮೇಲೆ ದೇವರ ಹತ್ತಿರ ಹೋಗೋಣ ಅಂತ ಕಾಯಬೇಡಿ. ಲೆಕ್ಕ ಹಿಡಿದುಕೊಂಡೇ ಹೋಗಿ. ಆಟೋ ಹೋಯಿತು ದೇವರೇ. ಇವರ ಕೈ ಏಳುತ್ತಿಲ್ಲ. ಕಂತಿಗೆ ದುಡ್ಡಿಲ್ಲ. ನಾನು ನಿದ್ದೆ ಮಾಡಿ ಎಷ್ಟು ದಿನ ಆಯಿತೋ. ಹೀಗೆ ಹೆಸರು ಹಿಡಿದು ಹೇಳಿ. ಇದೂ ಪ್ರಾರ್ಥನೆಯೇ. ನಂಬಿಕೆ ಇಲ್ಲದವರು ಹೀಗೆ ಯಾರಿಗೆ ಹೇಳಿಯಾರು? ಕೇಳುವವನಿದ್ದಾನೆ ಎಂದು ನಂಬಿದವರೇ ದೂರು ಕೊಡುವುದು. 13ನೇ ಕೀರ್ತನೆಯ ಮೊದಲೆರಡು ವಚನಗಳಲ್ಲೇ, ಎಷ್ಟು ಕಾಲ ಎಂದು ದಾವೀದ ನಾಲ್ಕು ಸಲ ಕೇಳುತ್ತಾನೆ. 88ನೇ ಕೀರ್ತನೆಯಲ್ಲಂತೂ ಕೊನೆಗೂ ಬೆಳಕು ಬರುವುದಿಲ್ಲ, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ಹಾಡಲು ದೇವರು ತನ್ನ ಜನರ ಕೈಗೆ ಕೊಟ್ಟಿದ್ದಾನೆ. ಯೇಸು ಶಿಲುಬೆಯ ಮೇಲೆ ಕೂಗಿದ್ದೂ 22ನೇ ಕೀರ್ತನೆಯ ದೂರನ್ನೇ, ಅಲ್ವಾ?

ಅಪೊಸ್ತಲ ಪೌಲ ಯಾವಾಗಲೂ ಸಂತೋಷಿಸಿ ಎಂದು ಬರೆದಿದ್ದಾನಲ್ಲ ಎಂದು ಯಾರಾದರೂ ಕೇಳಬಹುದು. ಹೌದು, ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿದೆ. ಸೆರೆಮನೆಯಲ್ಲಿ ಕೂತು ಬರೆದದ್ದು. ಅದೇ ಪತ್ರದ 2ನೇ ಅಧ್ಯಾಯದಲ್ಲಿ ಎಪಫ್ರೊದೀತ ಎಂಬ ಗೆಳೆಯ ಕಾಯಿಲೆಯಿಂದ ಸಾಯುವ ಹಾಗಾಗಿದ್ದ ಸುದ್ದಿ ಬರುತ್ತದೆ. ದೇವರು ಅವನನ್ನು ಉಳಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಆಗುತ್ತಿತ್ತು ಎಂದು ಪೌಲ ಬರೆಯುತ್ತಾನೆ. ಸಂತೋಷಿಸಿ ಎಂದವನಿಗೆ ದುಃಖ ಮೊದಲೇ ಇತ್ತು. ಅದನ್ನು ಮುಚ್ಚಿಡಲಿಲ್ಲ.

ಹೊಸ ವರ್ಷ ಎಂದಾಗ ನನಗೆ ನೆನಪಾಗುವ ಇನ್ನೊಬ್ಬರು ಜರ್ಮನಿಯ ಪಾಸ್ಟರ್ ಡೀಟ್ರಿಕ್ ಬೋನ್‌ಹಾಫರ್. ಹಿಟ್ಲರನನ್ನು ವಿರೋಧಿಸಿದ್ದಕ್ಕೆ 1943ರ ಏಪ್ರಿಲ್‌ನಲ್ಲಿ ಅವರನ್ನು ಬಂಧಿಸಿದರು. 1944ರ ಡಿಸೆಂಬರ್‌ನಲ್ಲಿ ಅವರು ಬರ್ಲಿನ್‌ನಲ್ಲಿ ಗೆಸ್ಟಾಪೊ ಪೊಲೀಸರ ನೆಲಮಾಳಿಗೆಯ ಸೆರೆಯಲ್ಲಿದ್ದರು. ಊರ ಮೇಲೆ ಬಾಂಬ್ ಬೀಳುತ್ತಿತ್ತು. ಅಣ್ಣ ಕ್ಲೌಸ್, ಇಬ್ಬರು ಭಾವಂದಿರು ಕೂಡ ಸೆರೆಯಲ್ಲಿದ್ದರು. ಅಲ್ಲಿಂದ ಡಿಸೆಂಬರ್ 19ರಂದು ಅವರು ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಪತ್ರ ಬರೆದರು. ಅವಳಿಗೂ ತಮ್ಮ ತಂದೆತಾಯಿಗೂ ಎಂದು ಹೊಸ ವರ್ಷದ ಒಂದು ಪದ್ಯವನ್ನು ಅದರ ಜೊತೆ ಕಳಿಸಿದರು. ಹಳೆಯ ವರ್ಷ ಇನ್ನೂ ಮನಸ್ಸನ್ನು ಹಿಂಡುತ್ತಿದೆ ಎಂದು ಅದರಲ್ಲಿ ಒಪ್ಪಿಕೊಳ್ಳುತ್ತಾರೆ. ದೇವರೇ, ಕಹಿಯಾದ ಪಾತ್ರೆ ಕೊಟ್ಟರೂ ನಿನ್ನ ಕೈಯಿಂದ ಅದನ್ನು ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ಇನ್ನೊಮ್ಮೆ ಈ ಲೋಕದ ಬಿಸಿಲು, ಸಂತೋಷ ಕೊಟ್ಟರೆ ಅದನ್ನೂ ತೆಗೆದುಕೊಳ್ಳುತ್ತೇವೆ ಎನ್ನುತ್ತಾರೆ. ಸುತ್ತಲೂ ಒಳ್ಳೆಯ ಶಕ್ತಿಗಳು ನಮ್ಮನ್ನು ಕಾಯುತ್ತಿವೆ, ಬರುವುದು ಏನೇ ಇರಲಿ ಎಂದು ಮುಗಿಸುತ್ತಾರೆ. ಮುಂದಿನ ಏಪ್ರಿಲ್ 9ರಂದು ಅವರನ್ನು ಗಲ್ಲಿಗೆ ಹಾಕಿದರು. ಆ ಅಣ್ಣನನ್ನೂ ಇಬ್ಬರು ಭಾವಂದಿರನ್ನೂ ಅದೇ ತಿಂಗಳು ಕೊಂದರು. ಬಿಡುಗಡೆ ಆಗುತ್ತದೆ ಎಂಬುದರ ಮೇಲೆ ಅವರ ನಂಬಿಕೆ ನಿಂತಿದ್ದರೆ ಆ ಪದ್ಯವನ್ನು ಇವತ್ತು ಯಾರೂ ಓದುತ್ತಿರಲಿಲ್ಲ. ಜರ್ಮನಿಯ ಸಭೆಗಳಲ್ಲಿ ಅದನ್ನು ವರ್ಷದ ಕೊನೆಯಲ್ಲಿ ಈಗಲೂ ಹಾಡುತ್ತಾರೆ.

ನಮ್ಮ ಕಡೆಯ ಸಭೆಗಳಲ್ಲೂ ಇಂಥ ಪ್ರಾರ್ಥನೆ ಇದೆ. ತುಮಕೂರು, ಹಾಸನ, ಮೈಸೂರು ಭಾಗದಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್‌ನ ಸಭೆಗಳು 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು. ಮೆಥಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿ 1755ರಲ್ಲಿ ಲಂಡನ್‌ನಲ್ಲಿ ಶುರು ಮಾಡಿದ, ದೇವರಿಗೆ ತಮ್ಮನ್ನು ಮತ್ತೆ ಒಪ್ಪಿಸಿಕೊಳ್ಳುವ ಒಡಂಬಡಿಕೆಯ ಆರಾಧನೆಯನ್ನು ಮೆಥಡಿಸ್ಟ್ ಪರಂಪರೆಯ ಸಭೆಗಳು ಸಾಮಾನ್ಯವಾಗಿ ವರ್ಷದ ಮೊದಲ ಭಾನುವಾರ ನಡೆಸುತ್ತವೆ. ಅದರ ಪ್ರಾರ್ಥನೆಯಲ್ಲಿ ಸಮೃದ್ಧಿ ಕೊಡು ಎಂಬ ಬೇಡಿಕೆಯೇ ಇಲ್ಲ. ನನ್ನನ್ನು ಕೆಲಸಕ್ಕೆ ಹಚ್ಚು ಇಲ್ಲವೇ ಕಷ್ಟಕ್ಕೆ ಹಚ್ಚು, ತುಂಬಿಸು ಇಲ್ಲವೇ ಬರಿದಾಗಿಸು, ನಾನು ನಿನ್ನವನು, ನೀನು ನನ್ನವನು ಎಂಬ ಅರ್ಥದ ಮಾತುಗಳಿವೆ. ಆರೋಗ್ಯವಾಗಿರುವವರಿಗೆ ಈ ಪ್ರಾರ್ಥನೆ ಹೇಳಲು ಭಯವಾಗುತ್ತದೆ. ಬರಿದಾದವರಿಗೆ ಅಲ್ಲಿ ಮೊದಲೇ ಜಾಗ ಇದೆ. ನಿಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಿರಿಯರು ಅದನ್ನು ಬರೆದಿಟ್ಟಿದ್ದಾರೆ ಅನ್ನಿಸುತ್ತದೆ ನನಗೆ.

ಈಗ ದೇಹದ ಮಾತು, ದುಡ್ಡಿನ ಮಾತು. ಇದನ್ನು ಬಿಟ್ಟು ನಂಬಿಕೆಯ ಬಗ್ಗೆ ಮಾತ್ರ ಮಾತಾಡುವುದು ನನ್ನಿಂದಾಗದು. ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಕೂತು, ಸಾಕು ದೇವರೇ, ನನ್ನ ಪ್ರಾಣ ತೆಗೆದುಬಿಡು ಎಂದಾಗ ದೇವದೂತ ಬುದ್ಧಿ ಹೇಳಲಿಲ್ಲ. ಬಿಸಿ ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ತಿನ್ನಿಸಿದ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಫೋನ್ ಮಾಡಿದರೆ ವಿಶ್ವಾಸ ಕಡಿಮೆ ಅಂತ ಅಲ್ಲ. ನಿಮ್ಮ ಯಜಮಾನರನ್ನೂ ಗಮನಿಸಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅವರು ಮಾತು ಬಿಟ್ಟರೆ, ಸಿಟ್ಟು ಮಾಡಿದರೆ, ಸುಮ್ನೆ ಗೋಡೆ ನೋಡುತ್ತಾ ಕೂತರೆ, ಅದನ್ನೂ ಡಾಕ್ಟರಿಗೆ ಹೇಳಿ. ಅದಕ್ಕೆ ಔಷಧಿ ಇದೆ. ಫಿಸಿಯೋಥೆರಪಿ ನಿಲ್ಲಿಸಬೇಡಿ. ಮೊದಲ ತಿಂಗಳುಗಳಲ್ಲಿ ಸುಧಾರಣೆ ಬೇಗ ಕಾಣುತ್ತದೆ ನಿಜ, ಆದರೆ ಆಮೇಲೂ ನಿಧಾನವಾಗಿ ಆಗುತ್ತಾ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ನಿಮಗೆ ಯಾವುದು ಸಿಗುತ್ತದೆ ಎಂದು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಸಾಲದ ವಿಷಯದಲ್ಲಿ ಮುಖ ಮರೆಸಿಕೊಳ್ಳಬೇಡಿ. ಸಂಸ್ಥೆಯ ಕಚೇರಿಗೇ ಹೋಗಿ ಆಸ್ಪತ್ರೆಯ ಕಾಗದ ತೋರಿಸಿ, ಕಂತು ಇಳಿಸಿ, ಅವಧಿ ಹೆಚ್ಚಿಸಿ ಎಂದು ಬರಹದಲ್ಲಿ ಕೇಳಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ. ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ. ಮನೆ ಮುಂದೆ ಬಂದು ಕೂಗಾಡುವುದು, ಬೆದರಿಸುವುದು ಸಲ್ಲದು. ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು 2025ರಲ್ಲಿ ಕರ್ನಾಟಕದಲ್ಲಿ ಕಾನೂನೇ ಬಂದಿದೆ. ರಿಸರ್ವ್ ಬ್ಯಾಂಕಿನ ನಿಯಮಗಳೂ ಬಲವಂತದ ವಸೂಲಿಯನ್ನು ಒಪ್ಪುವುದಿಲ್ಲ. ಹಾಗೇನಾದರೂ ಆದರೆ ಪೊಲೀಸ್ ಠಾಣೆಗೆ ದೂರು ಕೊಡಿ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಇಷ್ಟು ಕಾಣಿಕೆ ಹಾಕು, ನಿನ್ನ ಗಂಡ ಎದ್ದು ನಡೆಯುತ್ತಾನೆ ಎಂದು ಹೊಸ ವರ್ಷದ ಹೆಸರಿನಲ್ಲಿ ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ದೇವರ ಮಾತಲ್ಲ. ಆ ದುಡ್ಡು ಮಗಳ ಫೀಸಿಗೆ ಬೇಕು.

ಕೊನೆಗೆ, 31ರ ರಾತ್ರಿ. ಹೋಗಲೇಬೇಕು ಎಂದು ನಾನು ಹೇಳುವುದಿಲ್ಲ. ಸುಮ್ಮನೆ ಮನೆಯಲ್ಲೇ ಇರಿ ಎಂದೂ ಹೇಳುವುದಿಲ್ಲ. ನಿಮ್ಮ ಪತ್ರದಲ್ಲಿ ಯಜಮಾನರಿಗೆ ಏನಿಷ್ಟ ಎಂಬುದು ಇಲ್ಲ. ಅವರನ್ನು ಕೇಳಿದ್ದೀರಾ? ಕಾಯಿಲೆ ಬಿದ್ದವರ ಪರವಾಗಿ ನಾವೇ ಎಲ್ಲ ತೀರ್ಮಾನ ಮಾಡಿಬಿಡುತ್ತೇವೆ. ಅವರಿಗೂ ಒಂದು ವರ್ಷ ಮುಗಿಯುತ್ತಿದೆ. ಅವರಿಗೂ ದೇವರ ಹತ್ತಿರ ಹೇಳಲು ಏನಾದರೂ ಇರುತ್ತದೆ.

ಹೋಗುವುದಾದರೆ, ಎದ್ದು ಸಾಕ್ಷಿ ಹೇಳಲೇಬೇಕಾಗಿಲ್ಲ. ಹೇಳಲೇಬೇಕು ಅನ್ನಿಸಿದರೆ ಇದ್ದದ್ದನ್ನು ಹೇಳಿ. ಈ ವರ್ಷ ಹೀಗೀಗಾಯಿತು, ಇನ್ನೂ ದಾರಿ ಕಾಣುತ್ತಿಲ್ಲ, ನಮಗಾಗಿ ಪ್ರಾರ್ಥಿಸಿ ಎಂದರೆ ಸಾಕು. ಅದು ಪೂರ್ತಿ ಸಾಕ್ಷಿ. ಆ ಸಭೆಯಲ್ಲಿ ಇನ್ನೂ ಯಾರೋ ನಿಮ್ಮ ಹಾಗೆಯೇ ಬಾಯಿ ಬಿಡಲಾರದೆ ಕೂತಿರುತ್ತಾರೆ, ನಿಮ್ಮ ಮಾತು ಕೇಳಿ ಅವರಿಗೆ ಉಸಿರು ಬರುತ್ತದೆ. ಹಾಡಲು ಆಗದಿದ್ದರೆ ಕೂತು ಕೇಳಿ. ನಿಮ್ಮ ಪಾಲಿನ ಹಾಡನ್ನು ಆ ರಾತ್ರಿ ಪಕ್ಕದವರು ಹಾಡಲಿ, ಸಭೆ ಇರುವುದೇ ಅದಕ್ಕೆ. ಅಳುವವರ ಸಂಗಡ ಅಳಿರಿ ಎಂದು ಪೌಲ ರೋಮಾಪುರದವರಿಗೆ ಬರೆದದ್ದು ಹೊಸ ವರ್ಷದ ರಾತ್ರಿಗೂ ಅನ್ವಯಿಸುತ್ತದೆ.

ಹೋಗುವುದು ಬೇಡ ಅನ್ನಿಸಿದರೆ ಮನೆಯಲ್ಲಿ ಮೂವರೂ ಕೂತುಕೊಳ್ಳಿ. ಮಧ್ಯರಾತ್ರಿವರೆಗೆ ಎಚ್ಚರ ಇರಬೇಕಾಗಿಲ್ಲ. ಮಗಳು 13ನೇ ಕೀರ್ತನೆ ಓದಲಿ, ಆರೇ ವಚನ ಇದೆ. ಹಬಕ್ಕೂಕನ ಹಾಗೆ ಒಬ್ಬೊಬ್ಬರೂ ಈ ವರ್ಷ ಕಳೆದುಕೊಂಡದ್ದನ್ನು ಹೇಳಿ. ಮಗಳಿಗೂ ಅವಕಾಶ ಕೊಡಿ. ಅಪ್ಪ ಬಿದ್ದ ದಿನದಿಂದ ಅವಳು ಏನೇನು ನುಂಗಿಕೊಂಡಿದ್ದಾಳೋ ನಿಮಗೆ ಗೊತ್ತಿಲ್ಲದಿರಬಹುದು. ಆಮೇಲೆ ಉಳಿದಿರುವುದನ್ನೂ ಹೇಳಿ, ಬಲವಂತ ಮಾಡಿಕೊಳ್ಳದೆ. ಅವರು ಬದುಕಿ ಉಳಿದದ್ದು, ಯಾರೋ ಅಕ್ಕಿ ತಂದುಕೊಟ್ಟದ್ದು, ಮಗಳು ಓದು ಬಿಡದೆ ಇರುವುದು. ಆ ಹೊತ್ತಿಗೆ ಸಂತೋಷ ಬಂದರೆ ಬರಲಿ. ಬರದಿದ್ದರೂ ನೀವು ಮಾಡಿದ್ದು ನಂಬಿಕೆಯ ಕೆಲಸವೇ.

ನಿಮ್ಮ ಸಭೆಯ ಅಯ್ಯನವರಿಗೆ ಈ ವಾರವೇ ಫೋನ್ ಮಾಡಿ. ಸಭೆಗೆ ಬರಲಾಗದ ರೋಗಿಗಳ ಮನೆಗೆ ಹೋಗಿ ಕರ್ತನ ಭೋಜನ ಕೊಡುವುದು ನಮ್ಮ ಕೆಲಸ, ಕೇಳಲು ಸಂಕೋಚ ಬೇಡ. 31ರೊಳಗೆ ಆಗದಿದ್ದರೆ ಜನವರಿಯ ಮೊದಲ ವಾರ ಬರಲಿ. ಕೂಟದ ಆ ಅಕ್ಕ ಹೇಳಿದ ಮಾತನ್ನೂ ಅವರ ಕಿವಿಗೆ ಹಾಕಿ. ಅದನ್ನು ಸರಿಪಡಿಸುವ ಹೊಣೆ ಅವರದ್ದು, ನಿಮ್ಮದಲ್ಲ.